ಕಣ್ಣಿಗೆ ಬಿದ್ದ ಹೂವು: ಕಾರಟಗಿ ಕಡೆಯ ಒಂದು ಪ್ರಕರಣ

ಡಿಸೆಂಬರ್ ಬಂತೆಂದರೆ ಕಾರಟಗಿಯಿಂದ ಗಂಗಾವತಿಗೆ ಬರುವ ರಸ್ತೆಯ ಅಂಚಿಗೆಲ್ಲ ಭತ್ತ ಒಣಗುತ್ತಿರುತ್ತದೆ. ತಾಡಪಾಲು ಹಾಸಿ ಕಾಳು ಹರವಿರುತ್ತಾರೆ. ಹೆಂಗಸರು ಕಾಲಿನಿಂದ ಗೆರೆ ಎಳೆಯುತ್ತಾ ಬಿಸಿಲಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿರುತ್ತಾರೆ. ಒಂದು ಲಾರಿ ಹೋದರೆ ಸಾಕು, ಧೂಳಿನ ಜೊತೆ ಹೊಟ್ಟೂ ಮೇಲೇಳುತ್ತದೆ. ಆ ಹೊಟ್ಟಿನ ತುದಿ ಬರಿಗಣ್ಣಿಗೆ ಏನೂ ಅನ್ನಿಸುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗರಗಸದ ಹಲ್ಲು ಕಂಡಂತೆ ಕಾಣುತ್ತದೆ.

ನಾನು ಈ ಕಡೆ ಕಣ್ಣಿನ ಡಾಕ್ಟರ್ ಆಗಿ ಕೆಲಸ ಮಾಡುತ್ತೇನೆ. ಸುಗ್ಗಿಯ ದಿನಗಳಲ್ಲಿ ನಮ್ಮ ಹೊರರೋಗಿ ಕೋಣೆಗೆ ಬರುವ ಕಣ್ಣುಗಳೇ ಬೇರೆ. ಕನ್ನಡಕದವರು, ಪೊರೆಯವರು ಕಡಿಮೆಯಾಗಿ, ಸೆರಗಿನಿಂದ ಒಂದು ಕಣ್ಣು ಮುಚ್ಚಿಕೊಂಡು ಬರುವವರು ಜಾಸ್ತಿಯಾಗುತ್ತಾರೆ. ಹಾಗೆ ಬಂದ ಒಬ್ಬರ ಎಡಗಣ್ಣಿನ ಪೂರ್ತಿ ಕಥೆ ಇದು. ವಯಸ್ಸು 54, ಕೂಲಿ ಕೆಲಸ. ಹೆಸರು, ಊರು ಬರೆಯುವುದಿಲ್ಲ. ವಾರ್ಡಿನಲ್ಲಿ ನಾವೆಲ್ಲ ಅವ್ವ ಅಂತಲೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೇ ಇರಲಿ.

ಬಂದ ದಿನ

ಅವ್ವನನ್ನು ಮಗ ಬೈಕಿನಲ್ಲಿ ಕರೆತಂದಿದ್ದ. ಹೊಟ್ಟು ಬಿದ್ದು ಆರು ದಿನ ಆಗಿತ್ತು.

"ಶನಿವಾರ ಬಿತ್ರಿ ಡಾಕ್ಟರಮ್ಮ. ಪಕ್ಕದ ಮನಿ ಅಕ್ಕ ನಾಲಗಿಯಿಂದ ತೆಗದ್ಲು. ಎರಡು ದಿನ ಚುರುಚುರು ಅಂತು. ಆಮೇಲೆ ಮೆಡಿಕಲ್‌ನಾಗ ಡ್ರಾಪ್ಸ್ ಕೊಟ್ರು. ಕೆಂಪು ಹೋತು, ಆರಾಮ ಆತು ಅನ್ಕೊಂಡೆ. ನಿನ್ನೆಯಿಂದ ಬೆಳಕೇ ನೋಡಾಕ ಆಗವಲ್ದು."

ಕಣ್ಣಿನ ಕಸವನ್ನು ನಾಲಿಗೆಯಿಂದ ತೆಗೆಯುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ತೆಗೆಯುವವರು ಪ್ರೀತಿಯಿಂದಲೇ ತೆಗೆಯುತ್ತಾರೆ, ಕೈಯೂ ಹಗುರ ಇರುತ್ತದೆ. ಆದರೆ ಬಾಯಿ, ಗಂಟಲಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಗಾಯವಾದ ಕಣ್ಣಿಗೆ ಅವನ್ನು ನಾವೇ ಕೈಹಿಡಿದು ಕರೆತಂದಂತೆ ಆಗುತ್ತದೆ.

ಮಗನ ಜೇಬಿನಲ್ಲಿ ಆ ಬಾಟಲಿ ಇತ್ತು. ನೋಡಿದೆ. ಕ್ಲೋರಾಂಫೆನಿಕಾಲ್ ಜೊತೆ ಡೆಕ್ಸಾಮೆಥಾಸೋನ್ ಸೇರಿದ ಔಷಧ. ಮೊದಲನೆಯದು ಬ್ಯಾಕ್ಟೀರಿಯಾ ತಡೆಯುವಂಥದ್ದು, ಎರಡನೆಯದು ಸ್ಟಿರಾಯ್ಡ್. ಕೆಂಪು ಹೋಗಿದ್ದು ಎರಡನೆಯದರಿಂದ. ಈ ಪ್ರಕರಣದ ಅರ್ಧ ಭಾಗ ಈ ಒಂದು ಬಾಟಲಿಯಲ್ಲೇ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ಎಡಗಣ್ಣಿಗೆ ಅರ್ಧ ಮೀಟರ್ ದೂರದ ಬೆರಳು ಮಾತ್ರ ಎಣಿಸಲು ಆಗುತ್ತಿತ್ತು. ರೆಪ್ಪೆ ಊದಿತ್ತು. ಕಾರ್ನಿಯಾ ಮೇಲೆ, ಅಂದರೆ ಕರಿಗುಡ್ಡೆಯ ಮುಂದಿನ ಗಾಜಿನಂಥ ಪದರದ ಮೇಲೆ, ನಡುವಿಗಿಂತ ಸ್ವಲ್ಪ ಕೆಳಗೆ ಬೂದು ಹಳದಿ ಬಣ್ಣದ ಹುಣ್ಣು. ಅಳತೆ ಹೆಚ್ಚುಕಡಿಮೆ 4 ಮಿಲಿಮೀಟರ್. ಅದರ ಒಂದು ಅಂಚು ಮಾಸಿಹೋಗಿ ಶಾಂತವಾಗಿತ್ತು, ಇನ್ನೊಂದು ಅಂಚು ಉಬ್ಬಿ ಮುಂದಕ್ಕೆ ಸಾಗುತ್ತಿತ್ತು. ಕಾರ್ನಿಯಾದ ಹಿಂದಿನ ನೀರಿನಲ್ಲಿ, ತಳದಲ್ಲಿ, 2 ಮಿಲಿಮೀಟರ್ ಎತ್ತರಕ್ಕೆ ಕೀವು ಕುಳಿತಿತ್ತು. ಲೋಟದ ತಳದಲ್ಲಿ ಗಸಿ ಕುಳಿತ ಹಾಗೆ, ಮೇಲೆ ಸಮ ಗೆರೆ. ಇದಕ್ಕೆ ಹೈಪೋಪಿಯಾನ್ ಅನ್ನುತ್ತೇವೆ.

ಮಗ ಕಣ್ಣೊಳಗೆ ಇಣುಕಿ ನೋಡಿ, "ಹೂ ಬಿದ್ದೈತೇನ್ರಿ?" ಅಂದ. ಕಾರ್ನಿಯಾ ಬೆಳ್ಳಗಾದರೆ ಕಣ್ಣಿಗೆ ಹೂವು ಬಿತ್ತು ಅನ್ನುತ್ತಾರೆ ನಮ್ಮಲ್ಲಿ. ಇನ್ನೂ ಬಿದ್ದಿಲ್ಲ, ಬೀಳುವ ಹಾಗಿದೆ, ಎಷ್ಟು ದೊಡ್ಡದು ಬೀಳುತ್ತದೆ ಅನ್ನುವುದು ಈಗಿನ ನಾಲ್ಕೈದು ದಿನದ ಮೇಲೆ ನಿಂತಿದೆ ಅಂದೆ.

ಕಣ್ಣಿಗೆ ಮರಗಟ್ಟುವ ಹನಿ ಹಾಕಿ ಹುಣ್ಣಿನ ಅಂಚನ್ನು ಕೆರೆದು ಎರಡು ಗಾಜಿನ ಪಟ್ಟಿಗೆ ಸವರಿದೆವು. ಒಂದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಶಿಲೀಂಧ್ರದ ಎಳೆ ಇದೆಯಾ ನೋಡಿದೆವು. ಭತ್ತದ ಹೊಟ್ಟಿನ ಗಾಯದಲ್ಲಿ ಅದನ್ನು ನೋಡದೆ ಮುಂದೆ ಹೋಗಬಾರದು, ಏಕೆಂದರೆ ನಮ್ಮ ಕಡೆಯ ಹೊಲದ ಗಾಯಗಳಲ್ಲಿ ಶಿಲೀಂಧ್ರದ ಹುಣ್ಣು ಬಹಳ ಸಿಗುತ್ತದೆ. ಎಳೆ ಇರಲಿಲ್ಲ. ಇನ್ನೊಂದಕ್ಕೆ ಬ್ಯಾಕ್ಟೀರಿಯಾ ಕಾಣುವಂತೆ ಮಾಡುವ ಗ್ರಾಂ ಬಣ್ಣ. ಅದರಲ್ಲಿ ನೇರಳೆ ಬಣ್ಣದ ದುಂಡು ಕ್ರಿಮಿಗಳು, ಜೋಡಿಜೋಡಿಯಾಗಿ. ನ್ಯೂಮೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇರಬೇಕು ಅನ್ನಿಸಿತು. ಕಲ್ಚರ್‌ಗೆ, ಅಂದರೆ ಕ್ರಿಮಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಕಳಿಸಿದ್ದು ಮೂರನೇ ದಿನ ಬಂತು, ಅದೇ ಆಗಿತ್ತು. ಸಕ್ಕರೆ ಪರೀಕ್ಷೆ ಮಾಡಿಸಿದೆವು, ಸಕ್ಕರೆ ಕಾಯಿಲೆ ಇರಲಿಲ್ಲ.

ಗಾಯ ಆಗುವ ಮೊದಲು ಕಣ್ಣು ಏನು ಮಾಡುತ್ತಿರುತ್ತದೆ

ಕಣ್ಣು ಸದಾ ತೆರೆದ ಗಾಯದ ಹಾಗೆ ಗಾಳಿಗೆ ಒಡ್ಡಿಕೊಂಡಿರುತ್ತದೆ. ಆದರೂ ನಮಗೆ ದಿನಾ ಹುಣ್ಣಾಗುವುದಿಲ್ಲ. ಯಾಕೆ ಅಂತ ಯೋಚಿಸಿದ್ದೀರಾ?

ಮೊದಲ ಕಾವಲು ರೆಪ್ಪೆ. ನಿಮಿಷಕ್ಕೆ ಸುಮಾರು 15 ಸಲ ಬಡಿದು ಒರೆಸುತ್ತದೆ. ಎರಡನೆಯದು ಕಣ್ಣೀರು. ಅದು ಬರೀ ಉಪ್ಪುನೀರಲ್ಲ. ಅದರಲ್ಲಿ ಲೈಸೋಜೈಮ್ ಇದೆ, ಬ್ಯಾಕ್ಟೀರಿಯಾದ ಗೋಡೆಯನ್ನು ಕತ್ತರಿಸುತ್ತದೆ. ಇದನ್ನು ಕಂಡುಹಿಡಿದದ್ದು ಅಲೆಕ್ಸಾಂಡರ್ ಫ್ಲೆಮಿಂಗ್, 1922ರಲ್ಲಿ ಪ್ರಕಟಿಸಿದರು. ಪೆನಿಸಿಲಿನ್‌ಗಿಂತ ಆರು ವರ್ಷ ಮೊದಲು. ಪರೀಕ್ಷೆಗೆ ಕಣ್ಣೀರು ಬೇಕಾದಾಗ ನಿಂಬೆಸಿಪ್ಪೆಯ ರಸ ಹಿಂಡಿ ಕಣ್ಣಲ್ಲಿ ನೀರು ತರಿಸುತ್ತಿದ್ದರಂತೆ. ಕಣ್ಣೀರಿನಲ್ಲಿ ಲ್ಯಾಕ್ಟೋಫೆರಿನ್ ಅನ್ನುವ ಇನ್ನೊಂದು ಪ್ರೋಟೀನ್ ಇದೆ. ಅದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಹಳಷ್ಟು ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಕಬ್ಬಿಣ ಬೇಕು, ಅದು ಸಿಗದೆ ಅವು ಸೊರಗುತ್ತವೆ. ಐಜಿಎ ಅನ್ನುವ ಪ್ರತಿಕಾಯ ಕ್ರಿಮಿಗಳಿಗೆ ಅಂಟಿಕೊಂಡು, ಅವು ಕಣ್ಣಿಗೆ ಅಂಟದಂತೆ ಮಾಡುತ್ತದೆ. ಇದೆಲ್ಲ ಸೇರಿದ ನೀರು ಮೂಗಿನ ಬದಿಯ ಎರಡು ಸಣ್ಣ ತೂತುಗಳ ಮೂಲಕ ಒಂದು ಚೀಲಕ್ಕೆ, ಅಲ್ಲಿಂದ ಮೂಗಿಗೆ ಇಳಿದು ಹೋಗುತ್ತದೆ. ಅತ್ತಾಗ ಮೂಗು ಸೋರುವುದು ಇದಕ್ಕೇ.

ಈ ಕಾವಲಿನಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಒಂದಿದೆ. ಈ ರಕ್ಷಣೆಯೆಲ್ಲ ಸದ್ದಿಲ್ಲದೆ ನಡೆಯುತ್ತದೆ. ಕೆಂಪಾಗುವುದಿಲ್ಲ, ಊದುವುದಿಲ್ಲ, ನೋವಿಲ್ಲ. ಕೈಗೆ ಮುಳ್ಳು ಚುಚ್ಚಿದರೆ ಸುತ್ತ ಬಾವು ಬಂದು, ಕೀವಾಗಿ, ಒಡೆದು, ಕಲೆ ಉಳಿದರೂ ಕೈ ಕೆಲಸ ಮಾಡುತ್ತದೆ. ಕಣ್ಣಿಗೆ ಆ ಅವಕಾಶ ಇಲ್ಲ. ಕಾರ್ನಿಯಾದ ದಪ್ಪ ನಡುವಿನಲ್ಲಿ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರೊಳಗಿನ ಕೊಲಾಜೆನ್ ಎಳೆಗಳು ಮಗ್ಗದ ಹಾಸಿನ ಹಾಗೆ ಒಂದೇ ಅಂತರದಲ್ಲಿ ಜೋಡಿಸಿಕೊಂಡಿವೆ. ಆ ಜೋಡಣೆ ಇರುವುದರಿಂದಲೇ ಬೆಳಕು ಚದುರದೆ ಒಳಗೆ ಹೋಗುತ್ತದೆ. ಎಳೆ ತಪ್ಪಿದರೆ ಅದು ಗಾಜಾಗಿ ಉಳಿಯುವುದಿಲ್ಲ, ಬಿಳಿ ಕಲೆಯಾಗುತ್ತದೆ. ಇನ್ನೂ ಒಳಗಿನ ಕೊನೆಯ ಪದರದ ಜೀವಕೋಶಗಳಂತೂ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಅಕ್ಕಪಕ್ಕದವು ಹರಡಿಕೊಂಡು ಜಾಗ ತುಂಬಬೇಕು.

ಹಾಗಾಗಿ ಸೋಂಕು ಬಂದಾಗ ಕಣ್ಣಿಗೆ ಎರಡು ಕೆಲಸ ಒಟ್ಟಿಗೇ ಬೀಳುತ್ತವೆ. ಕ್ರಿಮಿ ಕೊಲ್ಲಬೇಕು. ಕೊಲ್ಲಲು ಬಂದ ತನ್ನದೇ ಪಡೆಯಿಂದ ತನ್ನ ಊತಕವನ್ನೂ ಕಾಪಾಡಿಕೊಳ್ಳಬೇಕು. ಅವ್ವನ ಕಣ್ಣಿನಲ್ಲಿ ಈ ಎರಡನೇ ಕೆಲಸ ಹೇಗೆ ಕೆಟ್ಟಿತು, ಮತ್ತೆ ಹೇಗೆ ಸರಿಯಾಯಿತು ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದು.

ಹೊಟ್ಟು ಬಿದ್ದ ಮೇಲೆ

ಕಾರ್ನಿಯಾದ ಮೇಲ್ಪದರ ಐದಾರು ಸಾಲು ಜೀವಕೋಶಗಳಷ್ಟೇ ದಪ್ಪ. ಒಂದಕ್ಕೊಂದು ಬಿಗಿಯಾಗಿ ಹೆಣೆದಿರುತ್ತವೆ. ಅದು ಪೂರ್ತಿ ಇರುವವರೆಗೆ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಒಳಗೆ ದಾರಿ ಇಲ್ಲ. ಹೊಟ್ಟು ಅಲ್ಲಿ ಒಂದು ಗೀರು ಎಳೆಯಿತು. ನ್ಯೂಮೋಕಾಕಸ್‌ಗೆ ಬಾಗಿಲು ತೆರೆಯಿತು. ಈ ಕ್ರಿಮಿ ಸುಮ್ಮನೆ ಬರುವಂಥದ್ದಲ್ಲ. ತನ್ನ ಗೋಡೆಯ ರಚನೆಯನ್ನೇ ಸ್ವಲ್ಪ ಬದಲಿಸಿಕೊಂಡು ಲೈಸೋಜೈಮ್‌ನ ಕತ್ತರಿ ಸರಿಯಾಗಿ ಕೂರದಂತೆ ಮಾಡಿಕೊಳ್ಳುತ್ತದೆ. ನ್ಯೂಮೋಲೈಸಿನ್ ಅನ್ನುವ ವಿಷ ಬಿಟ್ಟು ಜೀವಕೋಶಗಳ ಹೊದಿಕೆಗೆ ತೂತು ಕೊರೆಯುತ್ತದೆ. ಹುಣ್ಣಿನ ಒಂದು ಅಂಚು ಮಾಯುತ್ತಾ ಇನ್ನೊಂದು ಅಂಚು ಸಾಗುವುದು ಇದರ ಗುರುತು. ಹಳೆಯ ಡಾಕ್ಟರುಗಳು ಇದನ್ನು ಹಾವಿನ ಹಾಗೆ ಸರಿಯುವ ಹುಣ್ಣು ಎಂದೇ ಕರೆದರು.

ಗಾಯಗೊಂಡ ಜೀವಕೋಶಗಳು ಕೂಗು ಹಾಕುತ್ತವೆ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಹಾಗಾಗಿ ಬಿಳಿಗುಡ್ಡೆಯ ಅಂಚಿನ ನಾಳಗಳಿಂದ, ಕಣ್ಣೀರಿನಿಂದ, ಒಳಗಿನ ಬಣ್ಣದ ಪರದೆಯಾದ ಐರಿಸ್‌ನ ನಾಳಗಳಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಹರಿದು ಬರುತ್ತವೆ. ಅವು ಕ್ರಿಮಿಯನ್ನು ನುಂಗುತ್ತವೆ. ಜೊತೆಗೆ ಕೊಲಾಜೆನ್ ಕರಗಿಸುವ ಕಿಣ್ವಗಳನ್ನೂ ಹೊರಗೆ ಚೆಲ್ಲುತ್ತವೆ. ಆ ಕಿಣ್ವಕ್ಕೆ ಕ್ರಿಮಿ ಯಾವುದು, ಕಾರ್ನಿಯಾ ಯಾವುದು ಅನ್ನುವ ಬೇಧ ಗೊತ್ತಿಲ್ಲ.

ಅವ್ವನ ಕಣ್ಣಿನ ತಳದಲ್ಲಿ ಕುಳಿತಿದ್ದ ಕೀವನ್ನು ನೋಡಿ ಮಗ ಹೆದರಿದ್ದ. ಅದನ್ನು ಸೂಜಿ ಹಾಕಿ ತೆಗೆಯಿರಿ ಅಂತ ಎರಡು ಸಲ ಕೇಳಿದ. ಬ್ಯಾಕ್ಟೀರಿಯಾದ ಹುಣ್ಣಿನಲ್ಲಿ, ಕಾರ್ನಿಯಾ ತೂತಾಗದೆ ಇರುವವರೆಗೆ, ಆ ಕೀವಿನಲ್ಲಿ ಸಾಮಾನ್ಯವಾಗಿ ಕ್ರಿಮಿ ಇರುವುದಿಲ್ಲ. ಕಾರ್ನಿಯಾದ ಹಿಂಬದಿಯ ಡೆಸ್ಸೆಮೆಟ್ ಪೊರೆ ಕ್ರಿಮಿಯನ್ನು ತಡೆದಿರುತ್ತದೆ. ವಿಷ ಮಾತ್ರ ಒಳಗೆ ಇಳಿದು, ಅದಕ್ಕೆ ಐರಿಸ್‌ನಿಂದ ಬಂದ ಬಿಳಿ ಕಣಗಳು ತಳದಲ್ಲಿ ಕುಳಿತಿರುತ್ತವೆ. ಸುಮ್ನೆ ಸೂಜಿ ಹಾಕಿದರೆ ಕ್ರಿಮಿಗೆ ನಾವೇ ಒಳದಾರಿ ತೋರಿಸಿದ ಹಾಗೆ.

ಅವನಿಗೆ ಅರ್ಥವಾಗಲಿ ಅಂತ ನೀರಿನ ಮಾತಲ್ಲಿ ಹೇಳಿದೆ. ಗಂಗಾವತಿ, ಕಾರಟಗಿ ಕಡೆಯವರಿಗೆ ನೀರಿನ ಲೆಕ್ಕ ಬೇರೆಯವರು ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಊರೂರಲ್ಲಿ ಅದೇ ಮಾತು. ನೀರು ಬೇಕು, ಆದರೆ ಗೇಟಿನ ಅಳತೆಯಲ್ಲಿ ಬೇಕು. ಬಿಳಿ ಕಣಗಳೂ ಹಾಗೇ ಅಂದೆ. ಬಾರದಿದ್ದರೆ ಕ್ರಿಮಿ ಕಣ್ಣನ್ನು ತಿನ್ನುತ್ತದೆ, ಅಳತೆ ಮೀರಿ ಬಂದರೆ ಅವೇ ಕರಗಿಸುತ್ತವೆ. "ಹಂಗಾದ್ರ ಗೇಟು ಎಲ್ಲಿ ಐತ್ರಿ ಕಣ್ಣಾಗ?" ಅಂದ. ಒಳ್ಳೆಯ ಪ್ರಶ್ನೆ.

ಗೇಟು ಒಂದಲ್ಲ, ಹಲವು. ಕಣ್ಣೊಳಗಿನ ನೀರಿನಲ್ಲೇ ಉರಿಯೂತ ತಗ್ಗಿಸುವ ಪದಾರ್ಥಗಳಿವೆ. ಟಿಜಿಎಫ್-ಬೀಟಾ ಅದರಲ್ಲಿ ಮುಖ್ಯ. ಕಾರ್ನಿಯಾದ ಮತ್ತು ಐರಿಸ್‌ನ ಕೆಲವು ಜೀವಕೋಶಗಳ ಮೈಮೇಲೆ ಫ್ಯಾಸ್ ಲಿಗ್ಯಾಂಡ್ ಅನ್ನುವ ಪ್ರೋಟೀನ್ ಇದೆ. ಉರಿಯೂತದ ಕಣ ಅದನ್ನು ಮುಟ್ಟಿದರೆ ತಾನಾಗಿ ಸಾಯುವಂತೆ ಸೂಚನೆ ಸಿಗುತ್ತದೆ. 1995ರಲ್ಲಿ ಇಲಿಗಳ ಕಣ್ಣಿನಲ್ಲಿ ಇದನ್ನು ತೋರಿಸಿದರು. ಕೊಲಾಜೆನ್ ಕರಗಿಸುವ ಕಿಣ್ವಗಳಿಗೆ ಎದುರು ನಿಲ್ಲುವ ತಡೆಕಾರಕಗಳು ಕಾರ್ನಿಯಾದಲ್ಲೂ ಕಣ್ಣೀರಿನಲ್ಲೂ ಇವೆ. ಕೆಲಸ ಮುಗಿಸಿದ ನ್ಯೂಟ್ರೋಫಿಲ್‌ಗಳು ಒಡೆದು ತಮ್ಮ ಕಿಣ್ವ ಚೆಲ್ಲದೆ, ಮುದುಡಿ ಸಾಯುತ್ತವೆ. ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಅವನ್ನು ನುಂಗಿ ಜಾಗ ಸ್ವಚ್ಛ ಮಾಡುತ್ತವೆ.

ಕಣ್ಣಿನ ಈ ತಾಳ್ಮೆ ಎಷ್ಟು ಆಳದ್ದು ಅಂತ ಮೊದಲು ಗಟ್ಟಿಯಾಗಿ ಹೇಳಿದವರು ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್. ಒಂದು ಮೊಲದ ಚರ್ಮವನ್ನು ಇನ್ನೊಂದು ಮೊಲದ ಮೈಗೆ ಹಚ್ಚಿದರೆ ದೇಹ ಅದನ್ನು ತಳ್ಳಿಹಾಕುತ್ತದೆ. ಅದೇ ಚರ್ಮದ ಚೂರನ್ನು ಕಣ್ಣಿನ ಮುಂದಿನ ಕೋಣೆಯಲ್ಲಿ ಇಟ್ಟರೆ, ರಕ್ತನಾಳ ಬೆಳೆಯದ ತನಕ, ಉಳಿದುಕೊಳ್ಳುತ್ತದೆ. ಇದು 1948ರ ಮಾತು. ದಾನಿಯ ಕಾರ್ನಿಯಾವನ್ನು ಕಿಡ್ನಿಯ ಹಾಗೆ ಅಷ್ಟೆಲ್ಲ ಹೊಂದಿಸಿ ನೋಡದೆ ಕಸಿ ಮಾಡಲು ಆಗುವುದಕ್ಕೆ ಈ ಗುಣವೂ ಒಂದು ಕಾರಣ.

ಈಗ ಆ ಬಾಟಲಿಗೆ ಬರೋಣ. ಸ್ಟಿರಾಯ್ಡ್ ಕೂಡ ಉರಿಯೂತ ತಗ್ಗಿಸುತ್ತದೆ, ಕಣ್ಣೂ ತಗ್ಗಿಸುತ್ತದೆ. ಹಾಗಾದರೆ ಎರಡೂ ಒಂದೇ ಕೆಲಸ ಅಲ್ವಾ? ಇಲ್ಲ. ಕಣ್ಣು ಕ್ರಿಮಿಯ ಲೆಕ್ಕ ನೋಡಿಕೊಂಡು ಗೇಟು ಇಳಿಸುತ್ತದೆ. ಸ್ಟಿರಾಯ್ಡ್ ಹನಿ ಕ್ರಿಮಿ ಇದೆಯೋ ಇಲ್ಲವೋ ನೋಡುವುದಿಲ್ಲ, ಕೂಗು ಹಾಕುವ ಬಾಯನ್ನೇ ಮುಚ್ಚಿಸುತ್ತದೆ. ಎರಡನೇ ದಿನಕ್ಕೆ ಅವ್ವನ ಕಣ್ಣಿನ ಕೆಂಪು ಹೋಯಿತು, ಚುರುಚುರು ಹೋಯಿತು. ಒಳಗೆ ನ್ಯೂಮೋಕಾಕಸ್‌ಗೆ ಎರಡು ದಿನ ಬಿಡುವು ಸಿಕ್ಕಿತು. ಜೊತೆಗಿದ್ದ ಕ್ಲೋರಾಂಫೆನಿಕಾಲ್ ದಿನಕ್ಕೆ ಮೂರು ಹನಿಯ ಲೆಕ್ಕದಲ್ಲಿ ಅದನ್ನು ಹಿಡಿಯಲು ಸಾಲಲಿಲ್ಲ. ಅಷ್ಟು ಹೊತ್ತಿಗೆ ಕ್ರಿಮಿ ಹೆಚ್ಚಿತ್ತು, ವಿಷ ಹೆಚ್ಚಿತ್ತು, ಬಾಯಿ ಮುಚ್ಚಿಸಿದ್ದರೂ ಕೂಗು ಕೇಳಿಸುವಷ್ಟು ಗಾಯ ದೊಡ್ಡದಾಗಿತ್ತು. ಆಗ ಬಿಳಿ ಕಣಗಳು ಒಂದೇ ಸಲ ನುಗ್ಗಿದವು. ಅಂಗಡಿಯವರು ಕೆಟ್ಟದ್ದು ಮಾಡಬೇಕು ಅಂತ ಕೊಟ್ಟವರಲ್ಲ. ನೋವು ತಗ್ಗಲಿ ಅಂತಲೇ ಕೊಟ್ಟಿದ್ದಾರೆ. ಅದಕ್ಕೇ ಈ ವಿಷಯ ಇಷ್ಟು ಬಿಡಿಸಿ ಹೇಳಬೇಕಾಗಿದೆ. ಕೆಂಪಾದ ಕಣ್ಣಿಗೆ, ಒಳಗೇನಿದೆ ನೋಡದೆ, ಸ್ಟಿರಾಯ್ಡ್ ಇರುವ ಹನಿ ಕೊಡಬಾರದು.

ಚಿಕಿತ್ಸೆ, ಮತ್ತು ನಾನು ಬಿಟ್ಟುಬಿಟ್ಟ ಒಂದು ಸಂಗತಿ

ಅದೇ ದಿನ ಒಳರೋಗಿಯಾಗಿ ಸೇರಿಸಿಕೊಂಡೆವು. ಹಳೆಯ ಹನಿ ನಿಲ್ಲಿಸಿದೆವು. ಸೆಫಾಜೋಲಿನ್ ಅನ್ನುವ ಆಂಟಿಬಯಾಟಿಕ್ ಇಂಜೆಕ್ಷನ್ನಿನ 500 ಮಿಲಿಗ್ರಾಂ ಪುಡಿಯನ್ನು 10 ಮಿಲಿಲೀಟರ್‌ನಲ್ಲಿ ಕರಗಿಸಿ 5 ಶೇಕಡಾ ಹನಿ ಮಾಡಿಕೊಂಡೆವು. ಇದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಆಸ್ಪತ್ರೆಯಲ್ಲೇ ಮಾಡಿ ಫ್ರಿಜ್‌ನಲ್ಲಿಟ್ಟು, ಕೆಲವೇ ದಿನದಲ್ಲಿ ಮತ್ತೆ ಹೊಸದು ಮಾಡಬೇಕು. ಅದರ ಜೊತೆ ಇನ್ನೊಂದು ಆಂಟಿಬಯಾಟಿಕ್, ಮಾಕ್ಸಿಫ್ಲಾಕ್ಸಸಿನ್. ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೆ, ಆಮೇಲೆ ಹಗಲೂ ರಾತ್ರಿ ಗಂಟೆಗೊಂದು ಸಲ. ಸೊಸೆ ಫೋನಿನಲ್ಲಿ ಅಲಾರಂ ಇಟ್ಟುಕೊಂಡು ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಈ ಕಣ್ಣು ಉಳಿದಿದ್ದರಲ್ಲಿ ಆ ಹುಡುಗಿಯ ಪಾಲು ನನ್ನ ಪಾಲಿಗಿಂತ ಕಡಿಮೆ ಇಲ್ಲ. ಅಟ್ರೋಪಿನ್ ಹನಿ ದಿನಕ್ಕೆ ಎರಡು ಸಲ, ಐರಿಸ್ ಬಿಗಿಯುವುದು ನಿಂತು ನೋವು ಇಳಿಯಲಿ ಅಂತ. ಬಾಯಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು. ಇದನ್ನು ಕ್ರಿಮಿ ಕೊಲ್ಲಲು ಅಂತ ಕೊಟ್ಟಿದ್ದಲ್ಲ. ಕೊಲಾಜೆನ್ ಕರಗಿಸುವ ಕಿಣ್ವಗಳು ಕೆಲಸ ಮಾಡಲು ಸತುವು ಬೇಕು, ಡಾಕ್ಸಿಸೈಕ್ಲಿನ್ ಅಂಥ ಲೋಹಗಳನ್ನು ಹಿಡಿದಿಟ್ಟು ಆ ಕಿಣ್ವಗಳ ಕೈ ಕಟ್ಟುತ್ತದೆ. ಕಣ್ಣಿನದೇ ತಡೆಕಾರಕಗಳಿಗೆ ಹೊರಗಿನಿಂದ ಒಂದು ಆಸರೆ.

ಮೂರನೇ ದಿನ ಬೆಳಿಗ್ಗೆ ನೋಡಿದೆ. ಹುಣ್ಣು ದೊಡ್ಡದಾಗಿರಲಿಲ್ಲ, ಆದರೆ ಅಂಚು ಶಾಂತವೂ ಆಗಿರಲಿಲ್ಲ. ಕೀವಿನ ಮಟ್ಟ ಹಾಗೇ ಇತ್ತು. ಕಲ್ಚರ್ ಪ್ರಕಾರ ಎರಡೂ ಔಷಧ ಈ ಕ್ರಿಮಿಯ ಮೇಲೆ ಕೆಲಸ ಮಾಡಬೇಕು. ಮಾಡುತ್ತಿಲ್ಲ. ಯಾಕೆ?

ನಮ್ಮ ನರ್ಸ್ ರೆಪ್ಪೆ ಒರೆಸುತ್ತಾ, "ಮೇಡಂ, ಪ್ರತಿ ಸಲ ಮೂಗಿನ ಕಡೆ ಮೂಲೆಯಲ್ಲೇ ಗೀಜು ಸೇರುತ್ತೆ, ಒರೆಸಿದರೆ ಹತ್ತು ನಿಮಿಷಕ್ಕೆ ಮತ್ತೆ" ಅಂದರು. ನಾನು ಅವ್ವನ ಎಡಗಣ್ಣಿನ ಮೂಲೆ ಮತ್ತು ಮೂಗಿನ ನಡುವೆ, ಎಲುಬಿನ ಮೇಲೆ, ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಕೆಳರೆಪ್ಪೆಯ ತೂತಿನಿಂದ ಹಳದಿ ಕೀವು ಉಕ್ಕಿ ಕಣ್ಣಿಗೆ ಬಂತು.

"ಅವ್ವಾ, ಈ ಕಣ್ಣಾಗ ಮೊದಲಿನಿಂದ ನೀರು ಬರ್ತಿತ್ತಾ?"

"ಎರಡು ವರ್ಷ ಆತ್ರಿ. ಸೆರಗಿನಿಂದ ಒರಸ್ಕೋತಿದ್ದೆ. ವಯಸ್ಸಾತಲ್ರಿ, ಅದಕ್ಕ ಅನ್ಕೊಂಡೆ."

ಇದನ್ನು ಮೊದಲ ದಿನವೇ ಕೇಳಬೇಕಿತ್ತು, ಮೊದಲ ದಿನವೇ ಒತ್ತಿ ನೋಡಬೇಕಿತ್ತು. ಕಾರ್ನಿಯಾ ಹುಣ್ಣು ಕಂಡರೆ ಕಣ್ಣೀರಿನ ಚೀಲ ಒತ್ತಿ ನೋಡು ಅಂತ ಕಲಿಯುವಾಗಲೇ ಹೇಳಿಕೊಟ್ಟಿರುತ್ತಾರೆ. ನೇರಳೆ ಜೋಡಿ ಕ್ರಿಮಿ ಕಂಡಾಗಲಂತೂ ನೆನಪಾಗಬೇಕಿತ್ತು, ಏಕೆಂದರೆ ಕೊಳೆತ ಕಣ್ಣೀರಿನ ಚೀಲ ನ್ಯೂಮೋಕಾಕಸ್‌ನ ಹಳೆಯ ಮನೆ. ಊದಿದ ರೆಪ್ಪೆ, ಕೀವು, ಸಾಲಲ್ಲಿ ಕಾಯುತ್ತಿದ್ದ ನಲವತ್ತು ಜನ, ಇವುಗಳ ನಡುವೆ ನಾನು ಒತ್ತಲಿಲ್ಲ. ಅದರಿಂದ ಅವ್ವನಿಗೆ ಎರಡು ದಿನ ಹೋಯಿತು. ಆ ಮೇಲೆ ನಮ್ಮ ಕೋಣೆಯ ಹುಣ್ಣಿನ ಕೇಸ್ ಶೀಟಿನ ಮೊದಲ ಸಾಲಲ್ಲೇ, ದೃಷ್ಟಿಯ ಅಳತೆಗೂ ಮೊದಲು, 'ಚೀಲ ಒತ್ತಿದ್ದೇವೆ: ಹೌದು, ಇಲ್ಲ' ಅಂತ ಅಚ್ಚು ಹಾಕಿಸಿದ್ದೇನೆ.

ಏನಾಗಿತ್ತು ಅಂದರೆ, ಚೀಲದಿಂದ ಮೂಗಿಗೆ ಇಳಿಯುವ ನಾಳ ಮುಚ್ಚಿಹೋಗಿತ್ತು. ಕಾಲುವೆ ಹರಿಯುತ್ತಿದ್ದರೆ ನೀರು ಕೊಳೆಯುವುದಿಲ್ಲ. ತೂಬು ಕಟ್ಟಿದರೆ ಅದೇ ನೀರು ಹಸಿರುಗಟ್ಟುತ್ತದೆ. ಎರಡು ವರ್ಷ ಆ ಚೀಲದಲ್ಲಿ ಕ್ರಿಮಿ ಬೆಳೆಯುತ್ತಿತ್ತು, ದಿನಾ ಅಷ್ಟಿಷ್ಟು ಕಣ್ಣಿಗೆ ಉಕ್ಕುತ್ತಿತ್ತು. ಆದರೂ ಎರಡು ವರ್ಷ ಹುಣ್ಣಾಗಲಿಲ್ಲ! ಕಾರ್ನಿಯಾದ ಮೇಲ್ಪದರ ಮತ್ತು ಕಣ್ಣೀರಿನ ಕಾವಲು ಎಷ್ಟು ಗಟ್ಟಿ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ನಾನು ನೋಡಿಲ್ಲ. ಕೀವಿನಲ್ಲಿ ಮುಳುಗಿಕೊಂಡೇ ಆ ಕಣ್ಣು ಎರಡು ವರ್ಷ ತಿಳಿಯಾಗಿತ್ತು. ಹೊಟ್ಟು ಎಳೆದ ಒಂದು ಗೀರು ಆ ಲೆಕ್ಕ ತಪ್ಪಿಸಿತು. ಪಕ್ಕದ ಮನೆಯ ಅಕ್ಕನ ನಾಲಿಗೆಯ ಮೇಲೆ ನಾನು ಹಾಕಿದ್ದ ಅನುಮಾನವನ್ನು ಇಲ್ಲಿ ವಾಪಸ್ ತೆಗೆದುಕೊಳ್ಳುತ್ತೇನೆ. ಕ್ರಿಮಿ ಹೊರಗಿನಿಂದ ಬರಬೇಕಾದ ಅಗತ್ಯವೇ ಇರಲಿಲ್ಲ. ಆ ಅಭ್ಯಾಸ ಬಿಡಬೇಕು ಅನ್ನುವ ಮಾತು ಮಾತ್ರ ಹಾಗೇ ಇರಲಿ.

ನಾವು ಗಂಟೆಗೊಂದು ಹನಿ ಹಾಕಿ ಕ್ರಿಮಿ ಕೊಲ್ಲುತ್ತಿದ್ದೆವು. ಚೀಲ ಗಂಟೆಗಿಷ್ಟು ಹೊಸ ಕ್ರಿಮಿ ಕಳಿಸುತ್ತಿತ್ತು. ಅವು ಬಂದಷ್ಟೂ ಬಿಳಿ ಕಣಗಳಿಗೆ ಕೂಗು ಹೋಗುತ್ತಲೇ ಇತ್ತು. ಕಣ್ಣಿಗೆ ಗೇಟು ಇಳಿಸುವ ಸಮಯವೇ ಸಿಗುತ್ತಿರಲಿಲ್ಲ.

ಎರಡು ದಾರಿ ಇದ್ದವು. ಮೂಗಿಗೆ ಹೊಸ ದಾರಿ ಕೊರೆದು ಚೀಲವನ್ನು ಅದಕ್ಕೆ ಜೋಡಿಸುವುದು ಒಂದು. ಚೀಲವನ್ನೇ ತೆಗೆದುಬಿಡುವುದು ಇನ್ನೊಂದು. ಮೊದಲನೆಯದು ಮಾಡಿದರೆ ಮುಂದೆ ಕಣ್ಣಲ್ಲಿ ನೀರು ಸೋರುವುದಿಲ್ಲ, ಆದರೆ ಎಲುಬು ಕೊರೆಯಬೇಕು, ರಕ್ತ ಹೆಚ್ಚು, ಹೊತ್ತೂ ಹೆಚ್ಚು. ಸಕ್ರಿಯ ಹುಣ್ಣು ಇರುವಾಗ ನನಗೆ ಅದು ಸರಿ ಅನ್ನಿಸಲಿಲ್ಲ. ಎರಡನೆಯದರಲ್ಲಿ ಕ್ರಿಮಿಯ ಮನೆ ಒಂದೇ ಸಲಕ್ಕೆ ಹೋಗುತ್ತದೆ, ನೀರು ಸೋರುವುದು ಮಾತ್ರ ಉಳಿಯುತ್ತದೆ. ಅವ್ವನಿಗೂ ಮಗನಿಗೂ ಕೂರಿಸಿಕೊಂಡು ಹೇಳಿದೆ. "ನೀರು ಸೋರ್ಲಿ ಬಿಡ್ರಿ, ನೋಟ ಉಳೀಲಿ" ಅಂದರು ಅವ್ವ. ಐದನೇ ದಿನ ಸ್ಥಳೀಯ ಅರಿವಳಿಕೆ ಕೊಟ್ಟು ಚೀಲ ತೆಗೆದೆವು.

ಆಮೇಲೆ

ಏಳನೇ ದಿನ ಸಾಗುತ್ತಿದ್ದ ಅಂಚು ನಿಂತಿತು. ಒಂಬತ್ತನೇ ದಿನ ಕೀವಿನ ಮಟ್ಟ ಅರ್ಧಕ್ಕಿಳಿಯಿತು. ಯಾರೂ ಸೂಜಿ ಹಾಕಲಿಲ್ಲ. ಹೊಸ ಕಣಗಳು ಬರುವುದು ನಿಂತಿತು, ಇದ್ದವು ಕರಗಿಹೋದವು, ಅಷ್ಟೇ. ಹನ್ನೆರಡನೇ ದಿನ ಕಣ್ಣಿನ ತಳ ಪೂರ್ತಿ ತಿಳಿಯಾಯಿತು. ಮಗ ಆ ದಿನ ಟಾರ್ಚ್ ತೆಗೆದುಕೊಂಡು ತಾನೇ ನೋಡಿ ಖಾತ್ರಿ ಮಾಡಿಕೊಂಡ. ಹನಿಗಳನ್ನು ಎರಡು ಗಂಟೆಗೆ, ಆಮೇಲೆ ನಾಲ್ಕು ಗಂಟೆಗೆ ಇಳಿಸಿ ಮನೆಗೆ ಕಳಿಸಿದೆವು. ಇಪ್ಪತ್ತೆರಡನೇ ದಿನ ಮೇಲ್ಪದರ ಮುಚ್ಚಿಕೊಂಡಿತ್ತು.

ಈಗ ಸ್ಟಿರಾಯ್ಡ್ ಕೊಡಬೇಕೇ? ಹುಣ್ಣಿನ ಕ್ರಿಮಿ ಸತ್ತಿದೆ, ಉಳಿದಿರುವುದು ಕಲೆಯ ಚಿಂತೆ. ಇದು ಕಣ್ಣಿನ ಡಾಕ್ಟರುಗಳ ನಡುವೆ ದಶಕಗಳ ಜಗಳ. ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆಗಳು ಮತ್ತು ಅಮೆರಿಕದ ಕೇಂದ್ರಗಳು ಸೇರಿ ಬ್ಯಾಕ್ಟೀರಿಯಾದ ಹುಣ್ಣಿದ್ದ 500 ಜನರ ಮೇಲೆ ಒಂದು ದೊಡ್ಡ ಪ್ರಯೋಗ ಮಾಡಿದವು, 2012ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮೊದಲು 48 ಗಂಟೆ ಮಾಕ್ಸಿಫ್ಲಾಕ್ಸಸಿನ್ ಕೊಟ್ಟು, ಆಮೇಲೆ ಅರ್ಧ ಜನರಿಗೆ ಸ್ಟಿರಾಯ್ಡ್ ಹನಿ, ಅರ್ಧ ಜನರಿಗೆ ಔಷಧವಿಲ್ಲದ ಹನಿ. ಮೂರು ತಿಂಗಳ ನಂತರ ಒಟ್ಟಾರೆ ದೃಷ್ಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಶುರುವಿನಲ್ಲೇ ದೃಷ್ಟಿ ತೀರಾ ಕೆಟ್ಟಿದ್ದವರಿಗೆ, ಹುಣ್ಣು ನಟ್ಟನಡುವೆ ಇದ್ದವರಿಗೆ ಸ್ವಲ್ಪ ಲಾಭ ಕಂಡಿತು. ನೋಕಾರ್ಡಿಯಾ ಅನ್ನುವ ಕ್ರಿಮಿಯ ಹುಣ್ಣಿನಲ್ಲಿ ಮಾತ್ರ ಸ್ಟಿರಾಯ್ಡ್ ಕಲೆಯನ್ನು ಹೆಚ್ಚಿಸಿತು.

ನನ್ನ ಮಟ್ಟಿಗೆ ಇದರಲ್ಲಿ ಮುಖ್ಯವಾದ ಸಾಲು ಆ 48 ಗಂಟೆ. ಯಾವ ಕ್ರಿಮಿ ಅಂತ ತಿಳಿದು, ಅದಕ್ಕೆ ಔಷಧ ಹತ್ತಿದ ಮೇಲೆ ಸ್ಟಿರಾಯ್ಡ್ ಮಾತು. ಅದೇ ಪದಾರ್ಥ, ಅದೇ ಕಣ್ಣು, ಸಮಯ ಬೇರೆ. ಅವ್ವನಿಗೆ ನಾನು ಇನ್ನೂ ತಡಮಾಡಿದೆ. ಒಮ್ಮೆ ತಪ್ಪು ಸಮಯದಲ್ಲಿ ಸ್ಟಿರಾಯ್ಡ್ ಕಂಡ ಕಣ್ಣದು. ಮೇಲ್ಪದರ ಮುಚ್ಚಿದ ಮೇಲೆ, ಪ್ರೆಡ್ನಿಸೋಲೋನ್ ಅನ್ನುವ ಸ್ಟಿರಾಯ್ಡ್‌ನ ತೆಳು ಹನಿ, ದಿನಕ್ಕೆ ಮೂರು ಸಲದಿಂದ ಶುರು ಮಾಡಿ ಮೂರು ವಾರದಲ್ಲಿ ಇಳಿಸಿ ನಿಲ್ಲಿಸಿದೆ. ವಾರಕ್ಕೊಮ್ಮೆ ಕಣ್ಣಿನ ಒತ್ತಡ ನೋಡಿದೆ. ಬೇರೆ ಡಾಕ್ಟರು ಇನ್ನೂ ಮೊದಲೇ ಕೊಡಬಹುದಿತ್ತು ಅಂದರೆ ನಾನು ವಾದ ಮಾಡುವುದಿಲ್ಲ.

ಮೂರು ತಿಂಗಳಿಗೆ ಕಲೆ ಉಳಿದಿತ್ತು. ಅಂಚು ಮಸುಕಾಗಿ, ನಡು ಬೆಳ್ಳಗೆ, ಕಣ್ಣುಗುಡ್ಡೆಯ ಕೆಳಭಾಗಕ್ಕೆ ಸರಿದಂತೆ. ಕನ್ನಡಕ ಹಾಕಿದಾಗ ಎಡಗಣ್ಣಿನ ದೃಷ್ಟಿ 6/24. ಅಂದರೆ ಸರಿಯಾದ ಕಣ್ಣು 24 ಮೀಟರ್ ದೂರದಿಂದ ಓದುವ ಸಾಲನ್ನು 6 ಮೀಟರ್‌ನಿಂದ ಓದುತ್ತಾರೆ. ಬೆರಳು ಎಣಿಸಲು ಕಷ್ಟಪಡುತ್ತಿದ್ದ ಕಣ್ಣು ಅದು. ಹೂವು ಬಿತ್ತು, ಸಣ್ಣದು ಬಿತ್ತು.

ಈ ಹುಣ್ಣು ಆಗದೇ ಇರಬಹುದಿತ್ತು ಅನ್ನುವುದನ್ನೂ ಬರೆಯಬೇಕು. ನೇಪಾಳದ ಭಕ್ತಪುರದಲ್ಲಿ ಊರಿನ ಆರೋಗ್ಯ ಕಾರ್ಯಕರ್ತರಿಗೆ ಕಣ್ಣಿನ ಗೀರು ಗುರುತಿಸಲು ಕಲಿಸಿ, ಕ್ಲೋರಾಂಫೆನಿಕಾಲ್ ಮುಲಾಮು ಕೊಟ್ಟರು. ದಿನಕ್ಕೆ ಮೂರು ಸಲ, ಮೂರು ದಿನ. ಬರೀ ಮುಲಾಮು, ಸ್ಟಿರಾಯ್ಡ್ ಇಲ್ಲ. 2001ರಲ್ಲಿ ಫಲಿತಾಂಶ ಬಂತು. ಗೀರು ಬಿದ್ದಿದ್ದ 442 ಜನರಲ್ಲಿ 96 ಶೇಕಡಾ ಸೋಂಕಿಲ್ಲದೆ ಮಾಯಿತು, 18 ಗಂಟೆಯೊಳಗೆ ಮುಲಾಮು ಶುರುವಾದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ನಮ್ಮ ಕ್ಯಾಂಪುಗಳಲ್ಲಿ, ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಸುಗ್ಗಿಯ ಎರಡು ತಿಂಗಳು ಅವರ ಚೀಲದಲ್ಲಿ ಆ ಒಂದು ಮುಲಾಮು ಇದ್ದರೆ ಎಂದು ನಾನು ಪ್ರತಿ ಡಿಸೆಂಬರ್‌ನಲ್ಲೂ ಅಂದುಕೊಳ್ಳುತ್ತೇನೆ.

ಕೊನೆಯ ಸಲ ಬಂದಾಗ ಅವ್ವ ತಾನಾಗಿಯೇ ಹೇಳಿದರು. "ಡಾಕ್ಟರಮ್ಮ, ಬಲಗಣ್ಣಾಗೂ ಬೆಳಗಿನ್ಯಾಗ ಒಂದೀಟು ನೀರು ಬರ್ತೈತ್ರಿ. ಇದನ್ನೂ ಸೆರಗಿನಿಂದ ಒರಸ್ಕೊಂಡು ಸುಮ್ನ ಕೂಡ್ಬಾರದು ಅಂತ ಹೇಳ್ತೀನಿ." ಬಲಗಡೆ ಚೀಲ ಒತ್ತಿ ನೋಡಿದೆ, ಏನೂ ಬರಲಿಲ್ಲ. ಮಲಗಿಸಿ, ಕೆಳರೆಪ್ಪೆಯ ತೂತಿಗೆ ಮೊಂಡು ಸೂಜಿಯಿಂದ ಉಪ್ಪುನೀರು ಬಿಟ್ಟೆ. ದಾರಿ ತೆರೆದಿದ್ದರೆ ನೀರು ಗಂಟಲಿಗೆ ಇಳಿಯಬೇಕು, ಮುಚ್ಚಿದ್ದರೆ ಕಣ್ಣಿಗೇ ವಾಪಸ್ ಬರಬೇಕು. ಸಿರಿಂಜ್ ಮೆಲ್ಲಗೆ ಒತ್ತಿದೆ. ಕಣ್ಣಿಗೆ ಏನೂ ಬರಲಿಲ್ಲ. ಅವ್ವ ಒಮ್ಮೆ ಗುಟುಕರಿಸಿದರು.

"ಬಾಯಾಗ ಉಪ್ಪು ಉಪ್ಪು ಆತ್ರಿ."